ಸೆಲ್ಫ್ ಹೊಡೆಯೋಕೆ ಹುಟ್ಟಿದ ಬ್ಯಾಟರಿ

1/8

ಮೊದಲ ಫೋಟೋದಲ್ಲಿರೋದು ಸಣ್ಣ ಕಾರಿನ ಮಾಮೂಲಿ ಬ್ಯಾಟರಿ. ಸ್ಟಿಕ್ಕರನ್ನ ಝೂಮ್ ಮಾಡಿ ನೋಡಿ: 38ಬಿ20ಎಲ್, 12 ವೋಲ್ಟ್, 35 ಎಎಚ್. ನಿಮ್ಮ ಗಾಡಿಯ ಬಾನೆಟ್ ಎತ್ತಿದ್ರೂ ಇದೋ, ಇದರ ಅಣ್ಣನೋ ಕೂತಿರುತ್ತೆ.

ಮೆಸೇಜಲ್ಲಿ ನೀವು ಪದೇ ಪದೇ ಕೇಳೋ ಪ್ರಶ್ನೆ ಇದು. ಹೊಸ ಸ್ಟೀರಿಯೊ ಹಾಕಿಸಿದ್ದೀನಿ, ಡಿಕ್ಕಿಗೆ ಆಂಪ್ಲಿಫೈಯರ್ರು, ವೂಫರ್ರು ಬಂದಿದೆ, ಬ್ಯಾಟರಿಗೂ ವಯಸ್ಸಾಗಿದೆ, ಈಗ ಯಾವುದು ಹಾಕಿಸ್ಲಿ? ಅಂಗಡಿಯವರು ಒಬ್ಬರು "ಒಂದು ಸೈಜ್ ದೊಡ್ಡದು ಹಾಕ್ಬಿಡಿ ಸಾರ್" ಅಂತಾರೆ. ಇನ್ನೊಬ್ಬರು "ಕೆಪಾಸಿಟರ್ ಹಾಕಿದ್ರೆ ಸಾಕು" ಅಂತಾರೆ. ಎರಡರಲ್ಲೂ ನಿಜ ಸ್ವಲ್ಪ ಇದೆ, ಉಳಿದದ್ದಕ್ಕೆ ನಿಮ್ಮ ದುಡ್ಡು ಹೋಗುತ್ತೆ.

ದುಡ್ಡು ಹೋದ್ರೆ ಹೋಗಲಿ ಬಿಡಿ ಅನ್ನೋಣ. ರಾತ್ರಿ ಹೊತ್ತು ಚಾರ್ಮಾಡಿ ಘಾಟಿಯ ಹತ್ತಿರ ಎಲ್ಲೋ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎರಡು ಗಂಟೆ ಹಾಡು ಕೇಳಿದ್ರಿ ಅಂದ್ಕೊಳ್ಳಿ. ಹಿಂದಿನ ಸೀಟಲ್ಲಿ ಮಕ್ಕಳು ನಿದ್ದೆ. ಹೊರಡೋಣ ಅಂತ ಕೀ ತಿರುಗಿಸಿದ್ರೆ ಬರೀ ಟಕ್ ಟಕ್ ಟಕ್. ಮೊಬೈಲಲ್ಲಿ ನೆಟ್‌ವರ್ಕ್ ಇಲ್ಲ. ಈ ಟಕ್ ಟಕ್ ಯಾಕೆ ಬರುತ್ತೆ ಅನ್ನೋದಕ್ಕೆ ನೂರು ವರ್ಷಕ್ಕೂ ಹಳೇ ಕಥೆ ಇದೆ. ಆ ಕಥೆ ತಿಳ್ಕೊಂಡ್ರೆ ಯಾವ ಬ್ಯಾಟರಿ ಬೇಕು ಅನ್ನೋದು ನಿಮಗೇ ಹೊಳೆಯುತ್ತೆ.

2/8

ನಮ್ಮ ಕಡೆ ಗಾಡಿ ಸ್ಟಾರ್ಟ್ ಆಗದಿದ್ರೆ "ಸೆಲ್ಫ್ ತಗೊಳ್ತಿಲ್ಲ" ಅಂತೀವಿ. ಈ "ಸೆಲ್ಫ್" ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ಅದು ಸೆಲ್ಫ್ ಸ್ಟಾರ್ಟರ್. ಗಾಡಿ ತಾನೇ ಶುರುವಾಗೋದು ದೊಡ್ಡ ಸುದ್ದಿಯಾಗಿದ್ದ ಕಾಲದ ಪದ. ಅದಕ್ಕೂ ಮುಂಚೆ ಮುಂದುಗಡೆ ನಿಂತು ಹ್ಯಾಂಡಲ್ ಹೊಡೀಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ರೆ ಹ್ಯಾಂಡಲ್ ತಿರುಗಿ ಹೊಡೆದು ಮಣಿಕಟ್ಟು ಮುರೀತಿತ್ತು. ನಮ್ಮ ಅಂಬಾಸಿಡರ್‌ಗೂ ಹ್ಯಾಂಡಲ್ ಹಾಕೋ ತೂತು ಇತ್ತು, ಹಳಬರಿಗೆ ನೆನಪಿರುತ್ತೆ.

ಸೀಸ ಮತ್ತು ಆಸಿಡ್ಡಿನ ಬ್ಯಾಟರಿ ಆ ಹೊತ್ತಿಗಾಗಲೇ ಹಳೇದು. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲೇ ಮಾಡಿದ್ದ. 1881ರಲ್ಲಿ ಕಮೀಲ್ ಫೋರ್ ಎಂಬಾತ ಸೀಸದ ತಟ್ಟೆಗೆ ಸೀಸದ ಆಕ್ಸೈಡಿನ ಪೇಸ್ಟ್ ಬಳಿದು, ಕಾರ್ಖಾನೆಯಲ್ಲಿ ತಯಾರಿಸೋ ಹಾಗೆ ಮಾಡಿದ. ಬ್ಯಾಟರಿಯಿಂದಲೇ ಓಡೋ ಕಾರುಗಳೂ ಇದ್ವು. 1899ರಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ ಮೊದಲು ದಾಟಿದ ಕಾರು ಎಲೆಕ್ಟ್ರಿಕ್ ಕಾರೇ.

ಪೆಟ್ರೋಲ್ ಕಾರನ್ನ ಬ್ಯಾಟರಿಯಿಂದ ಸ್ಟಾರ್ಟ್ ಮಾಡೋದು ಮಾತ್ರ ಆಗದ ಕೆಲಸ ಅಂತ ಬಹಳ ಜನ ನಂಬಿದ್ರು. ಎಂಜಿನ್ ತಿರುಗಿಸೋ ಶಕ್ತಿಯ ಮೋಟಾರ್ ಮಾಡಿದ್ರೆ ಅದೇ ಎಂಜಿನ್ನಿನಷ್ಟು ದೊಡ್ಡದಾಗುತ್ತೆ ಅನ್ನೋ ಲೆಕ್ಕ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಈ ಗಂಟು ಬಿಚ್ಚಿದ. ಅವನು ಮೊದಲು ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿದ್ದ, ಅಂಗಡಿಯ ಗಲ್ಲಾ ಮೆಷಿನ್ನಿಗೆ ಸಣ್ಣ ಮೋಟಾರ್ ಕೂರಿಸಿದ್ದ. ಗಲ್ಲಾ ತೆಗೆಯೋಕೆ ಒಂದು ಕ್ಷಣದ ಜೋರು ಸಾಕು. ಅಷ್ಟು ಹೊತ್ತಿಗೆ ಮಾತ್ರ ಆದ್ರೆ ಸಣ್ಣ ಮೋಟಾರನ್ನೂ ಅದರ ಮಿತಿ ಮೀರಿ ದುಡಿಸಬಹುದು, ಬಿಸಿಯಾಗಿ ಸುಟ್ಟುಹೋಗೋ ಮುಂಚೆ ಕೆಲಸ ಮುಗಿದಿರುತ್ತೆ. ಇದೇ ಉಪಾಯ ಕಾರಿಗೆ ಬಂತು. 1912ರ ಮಾದರಿಯ ಕ್ಯಾಡಿಲಾಕ್‌ನಲ್ಲಿ ಸೆಲ್ಫ್ ಸ್ಟಾರ್ಟರ್ ಕಂಪನಿಯಿಂದಲೇ ಬಂತು.

ಕಾರಿನ ಬ್ಯಾಟರಿಯ ಜಾತಕ ಅವತ್ತೇ ಬರೆದಾಯ್ತು: ಒಂದೆರಡು ಸೆಕೆಂಡು ಪೂರ್ತಿ ಬಲ ಕೊಡು, ಆಮೇಲೆ ಸುಮ್ಮನೆ ಕೂತು ಚಾರ್ಜ್ ಆಗು. (ತಮಾಷೆ ಅಂದ್ರೆ, ಆ ಕಾಲದ ಎಲೆಕ್ಟ್ರಿಕ್ ಕಾರುಗಳನ್ನ ಮೂಲೆಗೆ ತಳ್ಳಿದ್ರಲ್ಲೂ ಈ ಬ್ಯಾಟರಿಯ ಸ್ಟಾರ್ಟರಿಗೆ ಪಾಲಿದೆ.)

ಲೆಕ್ಕ ಹಾಕಿ ನೋಡಿ. ಸೆಲ್ಫ್ ಹೊಡೆದಾಗ 150 ಆಂಪಿಯರ್, 2 ಸೆಕೆಂಡ್ ಅಂತಿಟ್ಟುಕೊಳ್ಳಿ. ಖರ್ಚಾಗಿದ್ದು 0.08 ಎಎಚ್. 35ರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಅದೇ ಎಂಜಿನ್ ನಿಲ್ಲಿಸಿ 10 ಆಂಪಿಯರ್ ತಿನ್ನೋ ಸೆಟ್ಟನ್ನ 2 ಗಂಟೆ ಹಾಕಿದ್ರೆ 20 ಎಎಚ್. ಅರ್ಧಕ್ಕಿಂತ ಜಾಸ್ತಿ ಖಾಲಿ. 35 ಎಎಚ್ ಅನ್ನೋದೂ ನಿಧಾನಕ್ಕೆ, 20 ಗಂಟೆಯಲ್ಲಿ ಖಾಲಿ ಮಾಡಿದ್ರೆ ಸಿಗೋ ಲೆಕ್ಕ. ಜೋರಾಗಿ ಎಳೆದ್ರೆ ಅಷ್ಟೂ ಸಿಗಲ್ಲ. ಘಾಟಿಯ ಟಕ್ ಟಕ್ ಬರೋದು ಇಲ್ಲಿಂದ.

3/8

ಹಾಗಾದ್ರೆ ಈ ಬ್ಯಾಟರಿ ಮೇಲೆ ಹಾಡಿನ ಹೊರೆ ಯಾವಾಗ ಬಿತ್ತು? 1930ರಲ್ಲಿ.

ಪಾಲ್ ಗಾಲ್ವಿನ್ ಅನ್ನೋ ಅಮೆರಿಕದ ವ್ಯಾಪಾರಿ ತನ್ನ ಸ್ಟುಡೆಬೇಕರ್ ಕಾರಿಗೆ ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಒಳಗೆ ಮಳಿಗೆ ಹಾಕೋಕೆ ಕಾಸಿರಲಿಲ್ಲ. ಹೊರಗೆ ಕಾರು ನಿಲ್ಲಿಸಿ ರೇಡಿಯೋ ಜೋರು ಮಾಡಿ ಕೂತ. ಆರ್ಡರ್ ಬಂತು. ಆ ರೇಡಿಯೋದ ಹೆಸರು ಮೋಟೊರೋಲಾ, ಮುಂದೆ ಕಂಪನಿಯ ಹೆಸರೂ ಅದೇ ಆಯ್ತು. ನಮ್ಮಲ್ಲಿ ಎಷ್ಟೋ ಜನರ ಮೊದಲ ಮೊಬೈಲ್ ಮಾಡಿದ ಕಂಪನಿಯ ಹೆಸರಿನ ಮೂಲ ಕಾರ್ ರೇಡಿಯೋ.

ಆಗಿನದು ವಾಲ್ವ್ ರೇಡಿಯೋ. ವಾಲ್ವಿನ ತಂತಿ ಕಾಯಿಸೋಕೆ ಕಾರಿನ 6 ವೋಲ್ಟಿನ ಬ್ಯಾಟರಿ ಸಾಕು, ಆದ್ರೆ ವಾಲ್ವ್ ಕೆಲಸ ಮಾಡೋಕೆ ನೂರರ ಆಸುಪಾಸು ವೋಲ್ಟ್ ಬೇಕು. ಅದಕ್ಕೆ ಬೇರೆ ಒಣ ಬ್ಯಾಟರಿಗಳ ಕಟ್ಟನ್ನೇ ಕಾರಿನ ನೆಲದಡಿ ಇಡ್ತಿದ್ರು. ಅಂದ್ರೆ ಕಾರಿನಲ್ಲಿ ಹಾಡು ಶುರುವಾದಾಗ ಸ್ಟಾರ್ಟರಿನ ಬ್ಯಾಟರಿಯನ್ನ ದೊಡ್ಡದು ಮಾಡ್ಲಿಲ್ಲ, ಹಾಡಿಗೆ ಬೇರೆ ಬ್ಯಾಟರಿ ಇಟ್ರು. ಇವತ್ತು ದೊಡ್ಡ ಸೆಟ್ ಹಾಕೋರು ಡಿಕ್ಕಿಯಲ್ಲಿ ಎರಡನೇ ಬ್ಯಾಟರಿ ಇಡ್ತಾರಲ್ಲ, ಹೊಸದೇನೂ ಅಲ್ಲ ಅದು.

ಆದ್ರೆ ಒಣ ಬ್ಯಾಟರಿ ಚಾರ್ಜ್ ಆಗಲ್ಲ, ಖಾಲಿಯಾದ್ರೆ ಬಿಸಾಡ್ಬೇಕು. ಕೆಲವೇ ವರ್ಷದಲ್ಲಿ ವೈಬ್ರೇಟರ್ ಬಂತು. ಝುಂಯ್ ಅಂತ ನಡುಗೋ ಪುಟ್ಟ ಸ್ವಿಚ್ಚು 6 ವೋಲ್ಟನ್ನ ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತೆ, ಅದು ವೋಲ್ಟೇಜ್ ಏರಿಸುತ್ತೆ. ಈ ಸಾಲು ನೆನಪಿಟ್ಟುಕೊಳ್ಳಿ, ಐದನೇ ಭಾಗದಲ್ಲಿ ಬೇಕಾಗುತ್ತೆ.

ಗಾಲ್ವಿನ್ ಬಗ್ಗೆ ಒಂದು ಕಥೆ ಓಡಾಡುತ್ತೆ: ಸಾಲ ಕೇಳೋಕೆ ಹೋದಾಗ ಬ್ಯಾಂಕಿನವನ ಕಾರಿಗೇ ರೇಡಿಯೋ ಹಾಕಿಸಿದ್ನಂತೆ, ಅರ್ಧ ಗಂಟೆಯಲ್ಲಿ ಕಾರಿಗೆ ಬೆಂಕಿ ಬಿತ್ತಂತೆ. ಕಥೆ ಎಷ್ಟು ನಿಜವೋ, ಫ್ಯೂಸಿನ ಪಾಠ ಮಾತ್ರ ನಿಜ.

4/8

ಈ ಭಾಗ ಚಿಕ್ಕದು, ಆದ್ರೆ ಬಿಡೋ ಹಾಗಿಲ್ಲ.

1950ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರುಗಳು 6ರಿಂದ 12 ವೋಲ್ಟಿಗೆ ಬಂದ್ವು. ಹಾಡಿಗೋಸ್ಕರ ಅಲ್ಲ, ದೊಡ್ಡ ವಿ-8 ಎಂಜಿನ್ ತಿರುಗಿಸೋಕೆ 6 ವೋಲ್ಟ್ ಸಾಲದೇ ಹೋಯ್ತು. ವೋಲ್ಟೇಜ್ ಎರಡರಷ್ಟಾದ್ರೆ ಅದೇ ಕೆಲಸಕ್ಕೆ ಕರೆಂಟ್ ಅರ್ಧ ಸಾಕು, ವೈರೂ ತೆಳ್ಳಗೆ ಸಾಕು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕ್ರೈಸ್ಲರ್ ಕಂಪನಿ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ತಂತು. ಕಾಯಿಸೋ ವಾಲ್ವ್ ಇಲ್ಲ, ಹಾಗಾಗಿ ಬ್ಯಾಟರಿ ಮೇಲಿನ ಹೊರೆ ಒಮ್ಮೆಗೇ ಇಳೀತು. (ಅದೇ ಕ್ರೈಸ್ಲರ್ 1956ರ ಕಾರುಗಳಲ್ಲಿ ಗ್ರಾಮಫೋನ್ ಪ್ಲೇಟ್ ಹಾಕೋ ಪ್ಲೇಯರನ್ನೂ ಕೊಟ್ಟಿತ್ತು. ಗುಂಡಿ ರಸ್ತೆಯಲ್ಲಿ ಅದರ ಗತಿ ನೀವೇ ಊಹಿಸಿಕೊಳ್ಳಿ.)

ಮೂರನೇದು ಆಲ್ಟರ್ನೇಟರ್. ಹಿಂದೆ ಇದ್ದದ್ದು ಡೈನಮೊ. ಗಾಡಿ ಓಡ್ತಿದ್ರೆ ಚಾರ್ಜ್ ಕೊಡ್ತಿತ್ತು, ಸಿಗ್ನಲ್‌ನಲ್ಲಿ ನಿಂತ್ರೆ ಕೈ ಎತ್ತುತ್ತಿತ್ತು. ಹಳೇ ಅಂಬಾಸಿಡರ್ರು, ಫಿಯಟ್ಟುಗಳಲ್ಲಿ ಗಾಡಿ ಐಡ್ಲಿಂಗ್‌ಗೆ ಬಂದ ತಕ್ಷಣ ಕೆಂಪು ದೀಪ ಮಿಣುಕೋದು, ಹೆಡ್‌ಲೈಟ್ ಮಂಕಾಗೋದು ಇದಕ್ಕೇ. ಸಿಲಿಕಾನ್ ಡಯೋಡ್ ಬಂದ ಮೇಲೆ ಆಲ್ಟರ್ನೇಟರ್ ಕಾರಿಗೆ ಹಿಡಿಸೋ ಗಾತ್ರಕ್ಕೆ ಬಂತು. 1960ರ ಕ್ರೈಸ್ಲರ್ ವೇಲಿಯಂಟ್‌ನಲ್ಲಿ ಅದು ಕಂಪನಿಯಿಂದಲೇ ಇತ್ತು.

ಗಮನಿಸಿದ್ರಾ? ಮೂರು ಸಲವೂ ಹಾಡು ಕೇಳೋದು ಸುಲಭ ಆಗಿದ್ದು ಬ್ಯಾಟರಿಯ ಗಾತ್ರದಿಂದ ಅಲ್ಲ.

5/8

ಈಗ ನಿಮ್ಮ ಡ್ಯಾಶ್‌ಬೋರ್ಡಿಗೆ ಬರೋಣ. ಸ್ಟೀರಿಯೊ ಡಬ್ಬಿ ಮೇಲೆ "50 ವ್ಯಾಟ್ × 4" ಅಂತ ಇರುತ್ತೆ. ಇದು ಎಷ್ಟು ನಿಜ?

ಎಂಜಿನ್ ಓಡುವಾಗ ಗಾಡಿಯಲ್ಲಿರೋದು ಸುಮಾರು 14.4 ವೋಲ್ಟ್. ಸ್ಪೀಕರ್ 4 ಓಮ್. ಹಳೇ ಕಾಲದ ಸಾದಾ ಆಂಪ್ಲಿಫೈಯರ್ ಇದ್ರಲ್ಲಿ ಒಂದು ಸ್ಪೀಕರಿಗೆ ಆರೂವರೆ ವ್ಯಾಟ್ ಕೊಡಬಹುದು, ಅಷ್ಟೇ. ಸ್ಪೀಕರಿನ ಎರಡೂ ತುದಿಯನ್ನ ಎದುರುಬದುರಾಗಿ ತಳ್ಳೋ ಬ್ರಿಡ್ಜ್ ಜೋಡಣೆ ಬಂದ ಮೇಲೆ ಅದು ನಾಲ್ಕು ಪಟ್ಟಾಯ್ತು: 26 ವ್ಯಾಟ್. ಅದೂ ಕಾಗದದ ಮೇಲೆ, ಕೈಗೆ ಸಿಗೋದು 20ರ ಹತ್ತಿರ. ಮತ್ತೆ 50 ಎಲ್ಲಿಂದ ಬಂತು? 14.4ನ್ನ 14.4ರಿಂದ ಗುಣಿಸಿ 4ರಿಂದ ಭಾಗಿಸಿ: 51.8. ಹಾಡಿನ ಅಲೆ ಪೂರ್ತಿ ಕತ್ತರಿಸಿ ಚೌಕ ಆದಾಗ ಬರೋ ಲೆಕ್ಕ ಅದು. ಕೇಳೋಕಾಗಲ್ಲ, ಡಬ್ಬಿ ಮೇಲೆ ಬರೆಯೋಕಾಗುತ್ತೆ.

ಅಂದ್ರೆ 12 ವೋಲ್ಟಿನ ಗಾಡಿಗೆ ಒಂದು ಛಾವಣಿ ಇದೆ. ಎಷ್ಟೇ ದೊಡ್ಡ ಬ್ಯಾಟರಿ ತಂದು ಕೂರಿಸಿದ್ರೂ ಆ ಛಾವಣಿ ಮೇಲೇರಲ್ಲ, ಯಾಕಂದ್ರೆ ಬ್ಯಾಟರಿ ದೊಡ್ಡದಾದ್ರೆ ಎಎಚ್ ಜಾಸ್ತಿಯಾಗುತ್ತೆ, ವೋಲ್ಟ್ ಅಲ್ಲ. "ಬ್ಯಾಟರಿ ಬದಲಾಯಿಸಿದ್ರೆ ಸೌಂಡ್ ಜಾಸ್ತಿ ಆಗುತ್ತೆ" ಅಂತ ಯಾರಾದ್ರೂ ಅಂದ್ರೆ ಈ ಪೋಸ್ಟ್ ಕಳಿಸಿ. ಹಳೇ ಬ್ಯಾಟರಿ ಸತ್ತೇ ಹೋಗಿದ್ರೆ ವ್ಯತ್ಯಾಸ ಕೇಳಿಸುತ್ತೆ, ಅದು ಬೇರೆ ಮಾತು.

ಛಾವಣಿ ಒಡೆದಿದ್ದು 1970ರ ದಶಕದಲ್ಲಿ. ಕಾರಿಗೆಂದೇ ದೊಡ್ಡ ಆಂಪ್ಲಿಫೈಯರ್ ಕಟ್ಟಿದ ಮೊದಲಿಗರಲ್ಲಿ ಅಮೆರಿಕದ ಜಿಮ್ ಫಾಸ್ಗೇಟ್ ಒಬ್ಬ, 1973ರಲ್ಲಿ. ಇವತ್ತಿನ ಆಂಪ್ಲಿಫೈಯರಿನ ಒಳಗಿನ ಗುಟ್ಟು ನೆನಪಿಡಿ ಅಂದಿದ್ನಲ್ಲ, ಅದೇ: 12 ವೋಲ್ಟನ್ನ ಕತ್ತರಿಸು, ಟ್ರಾನ್ಸ್‌ಫಾರ್ಮರಿಗೆ ಕೊಡು, ಏರಿಸು. 1930ರ ದಶಕದ ವೈಬ್ರೇಟರ್ ಟ್ರಾನ್ಸಿಸ್ಟರ್ ವೇಷದಲ್ಲಿ ವಾಪಸ್ ಬಂತು. 4 ಓಮಿನ ವೂಫರಿಗೆ 300 ವ್ಯಾಟ್ ಬೇಕಂದ್ರೆ ಅಲೆಯ ತುದಿಯಲ್ಲಿ 49 ವೋಲ್ಟ್ ಬೇಕು. ಡಿಕ್ಕಿಯಲ್ಲಿರೋ ಆ ಪೆಟ್ಟಿಗೆ ಅದನ್ನ ತಯಾರು ಮಾಡುತ್ತೆ.

ಪುಕ್ಕಟೆ ಅಲ್ಲ. ಒಟ್ಟು 500 ವ್ಯಾಟ್ ನಿಜವಾದ, ಅಂದ್ರೆ ಆರ್‌ಎಂಎಸ್ ಲೆಕ್ಕದ ಸೆಟ್ಟು, ಒಳ್ಳೇ ಕ್ಲಾಸ್-ಡಿ ಆಂಪ್ಲಿಫೈಯರ್ ಅಂದ್ರೂ ನೂರಕ್ಕೆ 80ರಷ್ಟು ಮಾತ್ರ ಸ್ಪೀಕರಿಗೆ ಹೋಗುತ್ತೆ. ಹಾಗಾಗಿ ಗಾಡಿಯಿಂದ 625 ವ್ಯಾಟ್ ಎಳೀಬೇಕು. 13.8 ವೋಲ್ಟಿನಲ್ಲಿ ಅದು 45 ಆಂಪಿಯರ್. ಹಾಡು ಸದಾ ತುದಿಯಲ್ಲಿರಲ್ಲ, ಸರಾಸರಿ ಇದರ ಮೂರನೇ ಒಂದು ಭಾಗ ಅಥವಾ ಇನ್ನೂ ಕಡಿಮೆ. ಆದ್ರೂ ತಮಟೆ ಪೆಟ್ಟು ಬಿದ್ದಾಗೆಲ್ಲ ಆ 45 ಆಂಪಿಯರ್ ಎಲ್ಲಿಂದಾದ್ರೂ ಬರಲೇಬೇಕು.

6/8

ಎಲ್ಲಿಂದ ಬರುತ್ತೆ? ಎಂಜಿನ್ ಓಡ್ತಿದ್ರೆ ಆಲ್ಟರ್ನೇಟರಿಂದ. ಬ್ಯಾಟರಿಯಿಂದ ಅಲ್ಲ. ಓಡೋ ಗಾಡಿಯಲ್ಲಿ ಬ್ಯಾಟರಿ ಊಟ ಮಾಡೋನೇ ಹೊರತು ಬಡಿಸೋನಲ್ಲ.

ಆದ್ರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಬನ್ನಿ. ರಾತ್ರಿ, ಹೆಡ್‌ಲೈಟ್ ಆನ್, ಎಸಿ ಆನ್, ರೇಡಿಯೇಟರ್ ಫ್ಯಾನ್ ತಿರುಗ್ತಿದೆ. ಎಂಜಿನ್ ಐಡ್ಲಿಂಗ್. ಆಲ್ಟರ್ನೇಟರ್ ಮೇಲೆ 65 ಆಂಪಿಯರ್ ಅಂತ ಬರೆದಿರಬಹುದು, ಬಿಸಿಯಾಗಿ ಐಡ್ಲಿಂಗ್‌ನಲ್ಲಿ ಅದು ಸುಮಾರು ಅರ್ಧ ಕೊಟ್ರೆ ಹೆಚ್ಚು. ಆ ಅರ್ಧವನ್ನ ದೀಪ, ಫ್ಯಾನ್, ಎಸಿ ಬ್ಲೋವರ್ರುಗಳೇ ಮುಗಿಸಿಬಿಡ್ತವೆ. ವೂಫರಿನ ಪಾಲು ಬ್ಯಾಟರಿಯಿಂದ ಹೋಗುತ್ತೆ, ಎಂಜಿನ್ ಓಡ್ತಿದ್ರೂ. ಡೈನಮೊ ಕಾಲದ ಮಂಕು ದೀಪ ಆಲ್ಟರ್ನೇಟರ್ ಕಾಲದಲ್ಲೂ ವಾಪಸ್ ಬರೋದು ಹೀಗೆ. ಬೇಸ್ ಹೊಡೆದಾಗೆಲ್ಲ ಹೆಡ್‌ಲೈಟ್ ಕಣ್ಣು ಮಿಟುಕಿಸುತ್ತಲ್ಲ, ಅದೇ.

ನಮ್ಮ ದೇಶದಲ್ಲಿ ಈ ತೊಂದರೆ ತಡವಾಗಿ ಬಂತು, ಯಾಕಂದ್ರೆ ಕಾರಿನ ಹಾಡೇ ತಡವಾಗಿ ಬಂತು. ರೇಡಿಯೋಗೆ ಪೋಸ್ಟ್ ಆಫೀಸಲ್ಲಿ ಲೈಸೆನ್ಸ್ ಕಟ್ಟೋ ಕಾಲ ಮುಗಿಯೋ ಹೊತ್ತಿಗೆ, 1983ರ ಕೊನೆಗೆ, ಮಾರುತಿ 800 ಬಂತು, ಜೊತೆಗೇ ಕ್ಯಾಸೆಟ್ಟಿನ ಕಾಲ. ಬೆಂಗಳೂರಲ್ಲಿ ಜೆಸಿ ರಸ್ತೆಯ ಅಂಗಡಿ ಸಾಲಿನಲ್ಲಿ ಸೆಟ್ ಹಾಕಿಸಿ, ಹಿಂದಿನ ಗಾಜಿನ ಕೆಳಗೆ ಸ್ಪೀಕರ್ ಕೂರಿಸೋದು ಹೊಸ ಕಾರಿನ ಪೂಜೆಯಷ್ಟೇ ಮುಖ್ಯ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದೂ ಬೆಂಗಳೂರಲ್ಲೇ. ಹಾಡೂ ಟ್ರಾಫಿಕ್ಕೂ ಒಟ್ಟಿಗೇ ಬೆಳೆದ ಊರು ನಮ್ಮದು.

ಕೆಪಾಸಿಟರ್ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ. 1 ಫ್ಯಾರಡ್ಡಿನ ಕೆಪಾಸಿಟರ್ 14ರಿಂದ 12 ವೋಲ್ಟಿಗೆ ಇಳಿಯೋವರೆಗೆ ಕೊಡೋ ಶಕ್ತಿ 26 ಜೂಲ್. 500 ವ್ಯಾಟಿನ ಎಳೆತಕ್ಕೆ ಅದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬರುತ್ತೆ. ಚಿಟಿಕೆ ಹೊಡೆಯೋದರೊಳಗೆ ಖಾಲಿ. ಮೇಲೆ ನೀಲಿ ಲೈಟಿನ ಮೀಟರ್ ಇರುತ್ತೆ, ಚೆನ್ನಾಗಿ ಕಾಣುತ್ತೆ.

7/8

ಎಲ್ಲ ಸೀಸದ ಬ್ಯಾಟರಿಯೂ ಒಂದೇ ಅಲ್ಲ. ಕೆಟರಿಂಗ್ ವಂಶದ ಬ್ಯಾಟರಿಯಲ್ಲಿ ತೆಳ್ಳನೆಯ ತಟ್ಟೆಗಳು ಬಹಳ ಇರ್ತವೆ, ಒಮ್ಮೆಗೇ ಜೋರು ಕರೆಂಟ್ ಕೊಡೋಕೆ. ಆಳಕ್ಕೆ ಖಾಲಿ ಮಾಡಿದ್ರೆ ಆ ತೆಳು ತಟ್ಟೆ ತಾಳಲ್ಲ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಎಲೆಕ್ಟ್ರಿಕ್ ಕಾರಿನಲ್ಲೂ ಸೀಸದ ಬ್ಯಾಟರಿಯೇ ಇತ್ತು, 6 ವೋಲ್ಟಿನ 8, ಒಟ್ಟು 48 ವೋಲ್ಟ್. ಆದ್ರೆ ಅವು ದಿನಾ ಖಾಲಿಯಾಗಿ ದಿನಾ ತುಂಬೋಕೆ ಮಾಡಿದ ಬ್ಯಾಟರಿ, ಬೇರೆ ಜಾತಿ. ಮನೆಯ ಯುಪಿಎಸ್ ಬ್ಯಾಟರಿಯೂ ಆ ಕಡೆಯದೇ. "ಅದನ್ನೇ ಕಾರಿಗೆ ಹಾಕಿದ್ರೆ?" ಅಂತ ಒಬ್ಬರು ಕೇಳಿದ್ರು. ಹಾಡು ಕೇಳ್ಬಹುದು, ಆದ್ರೆ ಸೆಲ್ಫ್‌ಗೆ ಬೇಕಾದ ಒದೆ ಅದರಲ್ಲಿಲ್ಲ, ಗಾತ್ರವೂ ಬಾನೆಟ್ಟಿಗೆ ಹಿಡಿಸಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ತಿರುವು: ಹಿಂದೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕ್ತಿದ್ವಲ್ಲ, ಅವುಗಳ ಸೀಸದ ಜಾಲರಿಯಲ್ಲಿ ಆಂಟಿಮನಿ ಬೆರೆಸಿರ್ತಿದ್ರು. ಅದರಿಂದ ನೀರು ಬೇಗ ಇಂಗುತ್ತೆ. 1970ರ ದಶಕದಲ್ಲಿ ಆಂಟಿಮನಿ ಬದಲು ಕ್ಯಾಲ್ಸಿಯಂ ಹಾಕಿ ಮೆಂಟೆನೆನ್ಸ್-ಫ್ರೀ ಬ್ಯಾಟರಿ ಮಾಡಿದ್ರು. ನೀರು ಹಾಕೋ ರಗಳೆ ತಪ್ಪಿತು. ಆದ್ರೆ ಆಂಟಿಮನಿಗೆ ಒಂದು ಒಳ್ಳೇ ಗುಣ ಇತ್ತು: ಪೂರ್ತಿ ಖಾಲಿಯಾದ ಬ್ಯಾಟರಿ ಚೇತರಿಸ್ಕೊಳ್ತಿತ್ತು. ಕ್ಯಾಲ್ಸಿಯಂ ಬ್ಯಾಟರಿ ನಾಲ್ಕೈದು ಸಲ ಪೂರ್ತಿ ಮಲಗಿದ್ರೆ ಮೊದಲಿನ ಹಾಗೆ ಏಳೋದು ಕಷ್ಟ. ನೀರು ನೋಡೋ ಕೆಲಸ ಉಳಿಸಿದ ಬ್ಯಾಟರಿ, ಎಂಜಿನ್ ನಿಲ್ಲಿಸಿ ಹಾಡು ಕೇಳೋರ ಮೇಲೆ ದಂಡ ಹಾಕ್ತು.

ಎಜಿಎಂ ಬ್ಯಾಟರಿ ಈ ಜಗಳಕ್ಕೆ ಒಂದು ರಾಜಿ. ಆಸಿಡ್ಡನ್ನ ಗಾಜಿನ ನಾರಿನ ಚಾಪೆ ಹೀರಿಕೊಂಡಿರುತ್ತೆ, ತಟ್ಟೆಗಳನ್ನ ಒತ್ತಿ ಹಿಡಿದಿರುತ್ತೆ. ಜೋರೂ ಕೊಡುತ್ತೆ, ಖಾಲಿಯಾಗೋದನ್ನೂ ಹೆಚ್ಚು ಸಲ ತಡ್ಕೊಳ್ಳುತ್ತೆ. ಬೆಲೆ ಜಾಸ್ತಿ, ಬಿಸಿ ಆಗಲ್ಲ ಅದಕ್ಕೆ. ಎಂಜಿನ್ನಿಗೆ ಅಂಟಿಕೊಂಡ ಜಾಗದಲ್ಲಿ, ಅದೂ ರಾಯಚೂರು ಕಲಬುರಗಿ ಬಿಸಿಲಲ್ಲಿ, ಎರಡು ಸಲ ಯೋಚಿಸಿ. ಸೀಸದ ಯಾವ ಬ್ಯಾಟರಿಗೇ ಆಗಲಿ, 25 ಡಿಗ್ರಿಯ ಮೇಲೆ ಸುಮಾರು 10 ಡಿಗ್ರಿ ಏರಿದ್ರೆ ಆಯಸ್ಸು ಅರ್ಧ ಆಗುತ್ತೆ ಅನ್ನೋದು ಈ ಕಸುಬಿನವರ ಲೆಕ್ಕ.

8/8

ಹಾಗಾದ್ರೆ ಏನು ಹಾಕಿಸ್ತೀರಿ? ಅಂಗಡಿಗೆ ಹೋಗೋ ಮುಂಚೆ ಒಂದು ಮಲ್ಟಿಮೀಟರ್ ತಗೊಳ್ಳಿ. ಹೆಡ್‌ಲೈಟ್, ಎಸಿ ಹಾಕಿ, ನೀವು ದಿನಾ ಕೇಳೋ ಸೌಂಡಲ್ಲಿ ಹಾಡು ಹಾಕಿ, ಐಡ್ಲಿಂಗ್‌ನಲ್ಲಿ ಬ್ಯಾಟರಿ ಮೇಲೆ ವೋಲ್ಟೇಜ್ ನೋಡಿ. 13.5ರ ಮೇಲಿದ್ರೆ ಆಲ್ಟರ್ನೇಟರ್ ನಿಭಾಯಿಸ್ತಿದೆ, ಕಂಪನಿ ಹೇಳಿದ ಸೈಜಿನ ಒಳ್ಳೇ ಬ್ಯಾಟರಿಯೇ ಸಾಕು. 12.6ರ ಕೆಳಗೆ ಬಿದ್ದು ಅಲ್ಲೇ ನಿಂತ್ರೆ ಬ್ಯಾಟರಿ ತಿನ್ನಿಸ್ತಾ ಇದ್ದೀರಿ. ಆಗ ದೊಡ್ಡ ಬ್ಯಾಟರಿ ಹಾಕಿದ್ರೂ ಖಾಲಿಯಾಗೋದು ತಡವಾಗುತ್ತೆ ಅಷ್ಟೇ. ದುಡ್ಡು ದಪ್ಪ ವೈರಿಗೆ, ಅರ್ತ್ ಜೋಡಣೆಗೆ, ಕೊನೆಗೆ ಆಲ್ಟರ್ನೇಟರಿಗೆ ಹೋಗಬೇಕು. ಇತ್ತೀಚಿನ ಕೆಲವು ಗಾಡಿಗಳಲ್ಲಿ ಕಂಪ್ಯೂಟರ್ರೇ ಬೇಕಂತ ವೋಲ್ಟೇಜ್ ಇಳಿಸುತ್ತೆ, ಹಾಗಾಗಿ ಹಾಡು ನಿಲ್ಲಿಸಿಯೂ ಒಮ್ಮೆ ನೋಡಿ ಹೋಲಿಸಿ.

ಎಂಜಿನ್ ನಿಲ್ಲಿಸಿ ಹಾಡು ಕೇಳೋ ಅಭ್ಯಾಸ ಇದ್ರೆ ಮಾತ್ರ ಎಎಚ್ ಏರಿಸೋದು ಕೆಲಸಕ್ಕೆ ಬರುತ್ತೆ. ಟ್ರೇ ಅಳತೆ ಹಿಡಿಸಿದ್ರೆ 35ರಿಂದ 44-45ಕ್ಕೆ ಹೋಗಿ. "ಆಲ್ಟರ್ನೇಟರ್ ಸುಟ್ಟುಹೋಗುತ್ತೆ" ಅಂತ ಹೆದರಿಸಿದ್ರೆ ನಂಬಬೇಡಿ, ತುಂಬೋಕೆ ಸ್ವಲ್ಪ ಹೊತ್ತು ಜಾಸ್ತಿ ಬೇಕು ಅಷ್ಟೇ. ಸ್ಟಿಕ್ಕರಿನ 20 ಅಂದ್ರೆ ಸುಮಾರು 20 ಸೆಂಟಿಮೀಟರ್ ಉದ್ದ, ಬಿ ಅನ್ನೋದು ಅಗಲ-ಎತ್ತರದ ವರ್ಗ, ಎಲ್ ಅಂದ್ರೆ ಟರ್ಮಿನಲ್ ಯಾವ ಕಡೆ ಅನ್ನೋದು. ಕೊನೆಯ ಅಕ್ಷರ ತಪ್ಪಿದ್ರೆ ನಿಮ್ಮ ವೈರ್ ಮುಟ್ಟಲ್ಲ. ಸ್ಟಾರ್ಟ್-ಸ್ಟಾಪ್ ಇರೋ ಗಾಡಿಗೆ ಇಎಫ್‌ಬಿ ಅಥವಾ ಎಜಿಎಂ ಬಂದಿದ್ರೆ ಅದಕ್ಕಿಂತ ಕೆಳಗೆ ಇಳೀಬೇಡಿ.

ಸಿಸಿಎ ಅನ್ನೋ ಸಂಖ್ಯೆ ಹಿಂದೆ ಓಡಬೇಡಿ. ಅದು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ 30 ಸೆಕೆಂಡ್ ಎಷ್ಟು ಕರೆಂಟ್ ಕೊಡುತ್ತೆ ಅನ್ನೋ ಅಳತೆ. ಮಡಿಕೇರಿಯಲ್ಲೂ ಅಂಥ ಚಳಿ ಬರಲ್ಲ. ವೈರ್ ಅಂಗಡಿಯಲ್ಲೂ ಸಿಸಿಎ ಅಂತಾರೆ, ಅದು ಬೇರೆ: ತಾಮ್ರದ ಲೇಪದ ಅಲ್ಯೂಮಿನಿಯಂ. ಆಂಪ್ಲಿಫೈಯರಿಗೆ ಅದು ಬೇಡ, ಪೂರ್ತಿ ತಾಮ್ರದ್ದೇ ಕೇಳಿ.

ಬ್ಯಾಟರಿ ಮೇಲೆ ತಯಾರಾದ ತಿಂಗಳಿನ ಕೋಡ್ ಇರುತ್ತೆ, ಅಂಗಡಿಯವರ ಕೈಲೇ ಓದಿಸಿ. ಮೂರು ತಿಂಗಳಿಗಿಂತ ಹಳೇದಾದ್ರೆ ಬೇರೆ ಕೇಳಿ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ಮೇಲೆ 12.6 ಇದ್ರೆ ತುಂಬಿದೆ, 12.2 ಅಂದ್ರೆ ಅರ್ಧ. ಘಾಟಿಯಲ್ಲಿ ಹಾಡು ಕೇಳುವಾಗ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸೋ ಪುಟ್ಟ ಮೀಟರ್ ಇದ್ರೆ, 12.2 ಬಂದ ತಕ್ಷಣ ಎಂಜಿನ್ ಹಾಕಿ.

ಆಂಪ್ಲಿಫೈಯರಿನ ದಪ್ಪ ವೈರಿಗೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಫ್ಯೂಸ್ ಇರಲಿ. ಡಿಕ್ಕಿಯಲ್ಲಿರೋ ಫ್ಯೂಸ್ ಆಂಪ್ಲಿಫೈಯರನ್ನ ಕಾಯುತ್ತೆ, ನಿಮ್ಮನ್ನಲ್ಲ. ಬ್ಯಾಟರಿಯಿಂದ ಡಿಕ್ಕಿವರೆಗೆ ಸೀಟಿನ ಕೆಳಗೆ ಹೋಗೋ ವೈರ್ ಎಲ್ಲಾದ್ರೂ ಬಾಡಿಗೆ ತಾಗಿದ್ರೆ ನೂರಾರು ಆಂಪಿಯರ್ ಹರಿಯುತ್ತೆ.

ಹಳೇ ಬ್ಯಾಟರಿಯನ್ನ ಗುಜರಿಯವರಿಗೆ ಕೊಡಬೇಡಿ, ಹೊಸದು ತಗೊಳ್ಳೋ ಅಂಗಡಿಗೇ ಕೊಟ್ಟು ಬಿಲ್ಲಿನಲ್ಲಿ ಬೆಲೆ ಕಡಿಮೆ ಮಾಡಿಸ್ಕೊಳ್ಳಿ. 2001ರಿಂದಲೇ ಮಾರೋರು ವಾಪಸ್ ತಗೊಳ್ಳೋ ನಿಯಮ ಇದೆ, 2022ರಲ್ಲಿ ಹೊಸ ನಿಯಮ ಬಂದು ಆ ಹೊಣೆ ತಯಾರಕರ ಮೇಲೆ ಬಿತ್ತು. ಹಿತ್ತಲಲ್ಲಿ ಒಡೆದು ಸೀಸ ಕರಗಿಸೋ ಕಡೆ ಅದರ ಹೊಗೆ ಕುಡಿಯೋದು ಅಲ್ಲಿ ಆಡೋ ಮಕ್ಕಳು.